ಒಂದು ಪಾಠ, ಮೂರು ವಸ್ತು: ಶಾಲೆಯ ಮ್ಯೂಸಿಯಂ ಭೇಟಿಗೆ ಸಮಗ್ರ ಮಾರ್ಗದರ್ಶಿ

ಶಾಲಾ ಪ್ರವಾಸದಲ್ಲಿ ಮ್ಯೂಸಿಯಂ ಅಂದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಮಕ್ಕಳು ಬಸ್ಸಿಂದ ಇಳಿದು ಸಾಲಾಗಿ ಒಳಗೆ ಹೋಗುತ್ತಾರೆ. ಮುಂದೊಬ್ಬ ಮೇಷ್ಟ್ರು, ಹಿಂದೊಬ್ಬ ಮೇಷ್ಟ್ರು. "ನಡೀರಿ, ನಡೀರಿ, ನಿಲ್ಲಬೇಡಿ" ಅನ್ನೋ ಕೂಗು. ಓದೋ ಮಕ್ಕಳು ನಾಲ್ಕು ಜನ ಮುಂದಿನವರ ಬೆನ್ನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಫಲಕದಲ್ಲಿದ್ದದ್ದನ್ನು ಕಾಪಿ ಹೊಡೆಯುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಪುಳಿಯೋಗರೆ ಡಬ್ಬಿಗಳು ಬಿಚ್ಚಿಕೊಳ್ಳುತ್ತವೆ. ಮಾರನೇ ದಿನ "ಏನು ನೋಡಿದ್ರಿ?" ಅಂತ ಕೇಳಿದರೆ "ಮೂರ್ತಿಗಳು ಸಾರ್, ಕತ್ತಿಗಳು ಸಾರ್" ಅನ್ನುತ್ತಾರೆ. ಅಷ್ಟೇ.

ತಪ್ಪು ಮಕ್ಕಳದ್ದಲ್ಲ. ಒಂದು ದಿನದಲ್ಲಿ ಇನ್ನೂರು ವಸ್ತು ತೋರಿಸಿದರೆ ಯಾರಿಗೂ ಏನೂ ನೆನಪಿರುವುದಿಲ್ಲ, ನಮಗೂ ಇರುವುದಿಲ್ಲ. ಈ ಬರಹದಲ್ಲಿ ನಾನು ಹೇಳುವುದು ಇಷ್ಟೇ: ಒಂದು ಪಾಠ ಹಿಡಿಯಿರಿ, ಆ ಪಾಠಕ್ಕೆ ಸೇರಿದ ಮೂರು ವಸ್ತು ಆರಿಸಿ, ಅವುಗಳ ಮುಂದೆ ಮಕ್ಕಳನ್ನು ಸಾಕಷ್ಟು ಹೊತ್ತು ನಿಲ್ಲಿಸಿ. ಉಳಿದದ್ದನ್ನು ಅವರು ಸುಮ್ನೆ ಓಡಾಡಿ ನೋಡಲಿ. ಇದನ್ನು ಹೇಗೆ ಮಾಡುವುದು ಅಂತ ಹಂತ ಹಂತವಾಗಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ಎರಡು ಮ್ಯೂಸಿಯಂಗಳದ್ದು. ಆದರೆ ಕ್ರಮ ಎಲ್ಲ ಕಡೆಗೂ ಒಂದೇ.

ಹಂತ 1: ಪಾಠ ಮೊದಲು, ಜಾಗ ಆಮೇಲೆ

"ಈ ವರ್ಷ ಎಲ್ಲಿಗೆ ಹೋಗೋಣ?" ಅಂತ ಶುರು ಮಾಡಿದರೆ ಅದು ಪ್ರವಾಸವಾಗಿಯೇ ಮುಗಿಯುತ್ತದೆ. "ಯಾವ ಪಾಠದಲ್ಲಿ ಮಕ್ಕಳು ಬರೀ ಬಾಯಿಪಾಠ ಮಾಡ್ತಿದ್ದಾರೆ?" ಅಂತ ಕೇಳಿಕೊಳ್ಳಿ. ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ 'ಆಧಾರಗಳು' ಅನ್ನೋ ಪಾಠ ಇದೆಯಲ್ಲ, ಅದು ಒಳ್ಳೆಯ ಉದಾಹರಣೆ. ಶಾಸನ, ನಾಣ್ಯ, ಸ್ಮಾರಕ ಅಂತ ಪಟ್ಟಿ ಹೇಳಿ ಮಕ್ಕಳು ಅಂಕ ತೆಗೆದುಕೊಳ್ಳುತ್ತಾರೆ. ಒಂದು ಶಾಸನವನ್ನು ಕಣ್ಣಾರೆ ನೋಡಿದವರು ತರಗತಿಯಲ್ಲಿ ಎಷ್ಟು ಜನ? ಗಂಗರು, ರಾಷ್ಟ್ರಕೂಟರ ಪಾಠವೂ ಹಾಗೇ. ವಿಜ್ಞಾನದಲ್ಲಾದರೆ ಚಲನೆ, ಬಲ, ವಿದ್ಯುತ್ತು.

ಪಾಠ ಗೊತ್ತಾದ ಮೇಲೆ ಹತ್ತಿರದಲ್ಲಿ ಏನಿದೆ ನೋಡಿ. ಎಲ್ಲರೂ ಬೆಂಗಳೂರಿಗೇ ಬರಬೇಕಿಲ್ಲ. ವಿಜ್ಞಾನಕ್ಕೆ ಧಾರವಾಡ, ಕಲಬುರಗಿ, ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರಗಳಿವೆ. ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂ ಇದೆ. ಅದೇ ಊರಿನಲ್ಲಿ ರೈಲ್ವೆ ಮ್ಯೂಸಿಯಂ ಇದೆ. ಇತಿಹಾಸಕ್ಕೆ ಬಾದಾಮಿ, ಐಹೊಳೆ, ಹಳೇಬೀಡು, ಹಂಪಿ ಹತ್ತಿರದ ಕಮಲಾಪುರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿವೆ. ರೈತರ ಮಕ್ಕಳಿರುವ ಶಾಲೆಯಾದರೆ ರಾಮನಗರದ ಜಾನಪದ ಲೋಕಕ್ಕೆ ಒಂದು ಸಲ ಹೋಗಿ. ಅಲ್ಲಿ ಕೂರಿಗೆ ಮುಂದೆ ನಿಂತರೆ ಮೇಷ್ಟ್ರಿಗಿಂತ ಮಕ್ಕಳೇ ಜಾಸ್ತಿ ಮಾತಾಡುತ್ತಾರೆ. ನನ್ನ ಪ್ರಕಾರ ಅಂಥ ಒಂದು ದಿನ ಪ್ರತಿ ಶಾಲೆಗೂ ಬೇಕು.

ಸಮಯದ ವಿಷಯ: ಪಾಠ ಮುಗಿದ ಮೇಲೆ, ಡಿಸೆಂಬರ್ ಪ್ರವಾಸದ ಜೊತೆ ಸೇರಿಸಿ ಹೋಗುವ ಅಭ್ಯಾಸ ಇದೆ. ಪಾಠದ ನಡುವೆಯೇ ಹೋಗುವುದು ಉತ್ತಮ. ಅರ್ಧ ಪಾಠ ಆಗಿರಬೇಕು. ಆಗ ಮಕ್ಕಳಿಗೆ ಹೆಸರುಗಳು ಗೊತ್ತಿರುತ್ತವೆ, ಪ್ರಶ್ನೆಗಳು ಬಾಕಿ ಇರುತ್ತವೆ.

ಹಂತ 2: ಮೊದಲು ನೀವೊಬ್ಬರೇ ಹೋಗಿ ಬನ್ನಿ

ಇದನ್ನು ತಪ್ಪಿಸಲೇಬೇಡಿ. ಒಂದು ಭಾನುವಾರ ಸಾಕು. ನೋಡಬೇಕಾದದ್ದು ವಸ್ತುಗಳಷ್ಟೇ ಅಲ್ಲ.

ನೀವು ಆರಿಸಿದ ವಸ್ತುವಿನ ಮುಂದೆ ಹನ್ನೆರಡು ಮಕ್ಕಳು ನಿಲ್ಲಲು ಜಾಗ ಇದೆಯೇ? ಬೆಳಕು ಹೇಗಿದೆ? ಗಾಜಿನ ಪೆಟ್ಟಿಗೆ ಎಷ್ಟು ಎತ್ತರದಲ್ಲಿದೆ? ಆರನೇ ತರಗತಿಯ ಕುಳ್ಳ ಹುಡುಗಿಗೆ ಅದು ಕಾಣುತ್ತದೆಯೇ? ಒಂದು ಸಲ ಮಂಡಿಯೂರಿ ನೋಡಿ, ತಕ್ಷಣ ಗೊತ್ತಾಗುತ್ತದೆ. ಶೌಚಾಲಯ ಎಲ್ಲಿದೆ, ನೀರು ಸಿಗುತ್ತದೆಯೇ, ಊಟಕ್ಕೆ ನೆರಳು ಇದೆಯೇ, ಬಸ್ಸು ಎಲ್ಲಿ ನಿಲ್ಲಿಸಬೇಕು, ಮೆಟ್ಟಿಲು ಹತ್ತಲಾಗದ ಮಗುವಿಗೆ ಬೇರೆ ದಾರಿ ಇದೆಯೇ, ಇದನ್ನೆಲ್ಲ ಬರೆದುಕೊಳ್ಳಿ.

ರಜಾ ದಿನ ಕೇಳಿಕೊಳ್ಳಿ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೋಮವಾರ ರಜೆ. ಕೇಂದ್ರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಇದು ಗೊತ್ತಿಲ್ಲದೆ ಶುಕ್ರವಾರ ಹಂಪಿಗೆ ಬಂದು, ಕಮಲಾಪುರದ ಮ್ಯೂಸಿಯಂ ಗೇಟಿನ ಮುಂದೆ ನಿಂತು ಫೋಟೊ ಹೊಡೆದುಕೊಂಡು ಹೋಗುವ ಶಾಲೆಗಳು ಕಡಿಮೆ ಇಲ್ಲ. ಹಳೆಯ ಕಟ್ಟಡಗಳಲ್ಲಿ ರಿಪೇರಿಗೆ ಅಂತ ಕೆಲವು ಕೋಣೆ, ಕೆಲವು ಸಲ ಇಡೀ ಮ್ಯೂಸಿಯಂ ಮುಚ್ಚಿರುತ್ತಾರೆ. ಹೊರಡುವ ವಾರ ಮತ್ತೆ ಫೋನ್ ಮಾಡಿ. ನಿಮ್ಮ ಮೂರು ವಸ್ತುಗಳ ಹೆಸರು ಹೇಳಿಯೇ ಕೇಳಿ.

ಇನ್ನೊಂದು ಮಾತು. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ಮ್ಯೂಸಿಯಂ ಮತ್ತು ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ಅಕ್ಕಪಕ್ಕದಲ್ಲೇ ಇವೆ. ಅಂಟಿಕೊಂಡೇ ಕಬ್ಬನ್ ಪಾರ್ಕು. "ಹೇಗೂ ಬಂದಿದ್ದೀವಿ, ಎರಡನ್ನೂ ಮುಗಿಸೋಣ" ಅನಿಸುವುದು ಸಹಜ. ಮುಗಿಸಬಹುದು, ಕಲಿಸಲಾಗುವುದಿಲ್ಲ. ದೂರದಿಂದ ಬಂದು ಬೇರೆ ದಾರಿಯೇ ಇಲ್ಲ ಅಂತಾದರೆ ಒಂದರಲ್ಲಿ ಪಾಠ ಮಾಡಿ, ಇನ್ನೊಂದನ್ನು ಸುಮ್ನೆ ನೋಡಿಕೊಂಡು ಬರಲಿ.

ಹಂತ 3: ಅನುಮತಿ, ಬಸ್ಸು, ದುಡ್ಡು

ಬೇಗ ಹೇಳಿ ಮುಗಿಸುತ್ತೇನೆ. ಪೋಷಕರ ಒಪ್ಪಿಗೆ ಬರಹದಲ್ಲಿರಲಿ. ಹೆಡ್‌ಮಾಸ್ಟರ್ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ, ಆ ವರ್ಷದ ಸುತ್ತೋಲೆ ಏನು ಹೇಳುತ್ತದೆ ಓದಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಹಾಗೆ ಮಾಡಿದರೆ ಇಬ್ಬರು ತಾಯಂದಿರು ಜೊತೆಗೆ ಬರಲು ಒಪ್ಪಿಯೇ ಒಪ್ಪುತ್ತಾರೆ, ಹೆಣ್ಣುಮಕ್ಕಳ ವಿಷಯದಲ್ಲಿ ಅದು ದೊಡ್ಡ ಅನುಕೂಲ. ಮ್ಯೂಸಿಯಂಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಯಿರಿ: ಯಾವ ತರಗತಿ, ಎಷ್ಟು ಮಕ್ಕಳು, ಎಷ್ಟು ಹೊತ್ತಿಗೆ, ಯಾವ ಪಾಠಕ್ಕೆ. ಶಾಲಾ ಮಕ್ಕಳಿಗೆ ಟಿಕೆಟ್ ರಿಯಾಯಿತಿ ಸಾಮಾನ್ಯವಾಗಿ ಇರುತ್ತದೆ. ಕೇಂದ್ರ ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ.

ದುಡ್ಡಿಲ್ಲದ ಮಗು ಹಿಂದೆ ಉಳಿಯಬಾರದು. ಇದು ಪಾಠದ ಭಾಗ ಅಂದಮೇಲೆ ಯಾರನ್ನೂ ಬಿಟ್ಟು ಹೋಗುವ ಹಾಗಿಲ್ಲ. ಊರಿನಲ್ಲಿ ಕೇಳಿದರೆ ನಾಲ್ಕು ಮಕ್ಕಳ ಬಸ್ ಖರ್ಚು ಕೊಡುವವರು ಸಿಗುತ್ತಾರೆ.

ಹಂತ 4: ಹಿಂದಿನ ವಾರ, ತರಗತಿಯಲ್ಲಿ

ಮಕ್ಕಳಿಗೆ ವಸ್ತುವನ್ನು ನೋಡುವ ಅಭ್ಯಾಸ ಇರುವುದಿಲ್ಲ. ಪುಸ್ತಕ ಓದುವುದನ್ನು ಕಲಿಸಿದ ಹಾಗೆ ಇದನ್ನೂ ಕಲಿಸಬೇಕು. ಒಂದು ಪೀರಿಯಡ್ ಸಾಕು.

ಯಾರದಾದರೂ ಮನೆಯಿಂದ ಹಳೆಯ ಹಿತ್ತಾಳೆ ಸೇರು ತರಿಸಿ. ಮೇಜಿನ ಮೇಲಿಟ್ಟು ಏನೂ ಹೇಳಬೇಡಿ. ಮೊದಲ ಸುತ್ತಿನಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಬೇಕು. "ಅಕ್ಕಿ ಅಳೆಯೋದು" ಅಂತ ಯಾರಾದರೂ ಅಂದರೆ, "ಅದು ಕಣ್ಣಿಗೆ ಕಾಣ್ತಿದೆಯಾ?" ಅಂತ ಕೇಳಿ. ಉರುಟಾಗಿದೆ, ಒಂದು ಕಡೆ ನೆಗ್ಗಿದೆ, ಒಳಗೆ ಹೊಳಪು ಜಾಸ್ತಿ, ಹೊರಗೆ ಕಪ್ಪಾಗಿದೆ, ಬಾಯಿಯ ಹತ್ತಿರ ಏನೋ ಮುದ್ರೆ ಒತ್ತಿದೆ. ಎರಡನೇ ಸುತ್ತಿನಲ್ಲಿ ಊಹೆ. ಒಳಗೆ ಯಾಕೆ ಹೊಳೆಯುತ್ತದೆ? ಕಾಳು ಉಜ್ಜಿ ಉಜ್ಜಿ. ಮುದ್ರೆ ಯಾಕೆ? ಇಲ್ಲಿ ತರಗತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅಂಗಡಿಯವನು ಮೋಸ ಮಾಡದಿರಲಿ ಅಂತ ಸರ್ಕಾರ ಅಳತೆ ಪರೀಕ್ಷಿಸಿ ಒತ್ತಿದ ಮುದ್ರೆ ಅದು. ಮೂರನೇ ಸುತ್ತಿನಲ್ಲಿ ಮಕ್ಕಳೇ ಪ್ರಶ್ನೆ ಕೇಳಬೇಕು. ಒಂದು ಸೇರಿನಿಂದ ಸಂತೆ, ತೆರಿಗೆ, ಆಡಳಿತದವರೆಗೆ ಮಾತು ಹೋಗುತ್ತದೆ. ಕಂಡದ್ದು, ಊಹಿಸಿದ್ದು, ಕೇಳಬೇಕಾದದ್ದು: ಈ ಮೂರೂ ಬೇರೆ ಬೇರೆ ಅನ್ನುವುದು ಅವರಿಗೆ ಹೊಳೆದರೆ ನಿಮ್ಮ ಕೆಲಸ ಅರ್ಧ ಆದ ಹಾಗೆ.

ಮ್ಯೂಸಿಯಂನಲ್ಲಿ ಮುಟ್ಟಬಾರದು ಅಂತ ಹೇಳುವಾಗ ಕಾರಣವನ್ನೂ ಹೇಳಿ. ಕೈಯ ಬೆವರು, ಜಿಡ್ಡು ಲೋಹಕ್ಕೂ ಕಲ್ಲಿಗೂ ಅಂಟಿಕೊಳ್ಳುತ್ತದೆ, ಸಾವಿರ ಕೈ ಮುಟ್ಟಿದರೆ ಕೆತ್ತನೆ ಸವೆಯುತ್ತದೆ. ಬರೀ "ಮುಟ್ಟಬೇಡಿ" ಅಂದರೆ ಮುಟ್ಟಿಯೇ ಮುಟ್ಟುತ್ತಾರೆ, ಅಲ್ವಾ?

ಹಂತ 5: ಒಂದೇ ಹಾಳೆ

ಆರು ಪುಟದ ಪ್ರಶ್ನಾವಳಿ ಕೊಟ್ಟರೆ ಮಕ್ಕಳು ವಸ್ತುವನ್ನು ಬಿಟ್ಟು ಫಲಕ ನೋಡುತ್ತಾರೆ. ಒಂದೇ ಹಾಳೆ ಕೊಡಿ, ಒಂದೇ ಮಗ್ಗುಲು. ಪ್ರತಿ ವಸ್ತುವಿಗೆ ಚಿತ್ರ ಬರೆಯಲು ಒಂದು ಚೌಕ, ಎರಡು ಮೂರು ಪ್ರಶ್ನೆ. ಕೆಳಗೆ ಒಂದು ಸಾಲು ಖಾಲಿ: "ನನಗೆ ಅರ್ಥವಾಗದೆ ಉಳಿದದ್ದು".

"ಇದು ಯಾವ ಶತಮಾನದ್ದು?" ಅನ್ನೋ ಪ್ರಶ್ನೆ ಬೇಡ. ಅದಕ್ಕೆ ಉತ್ತರ ಫಲಕದಲ್ಲೇ ಇದೆ. ವಸ್ತುವನ್ನು ನೋಡದೆ ಉತ್ತರ ಹೇಳಲಾಗದ ಪ್ರಶ್ನೆ ಬರೆಯಿರಿ. "ಕೆತ್ತನೆಯಲ್ಲಿ ಎಷ್ಟು ಪ್ರಾಣಿ ಇವೆ, ಯಾವುದು ಗೆಲ್ಲುವ ಹಾಗೆ ಕಾಣುತ್ತದೆ?" ಅಂತ ಕೇಳಿದರೆ ಕತ್ತೆತ್ತಲೇಬೇಕು.

ಪೆನ್ ಬದಲು ಪೆನ್ಸಿಲ್, ಹಾಳೆಯ ಕೆಳಗೆ ಒಂದು ರಟ್ಟು. ಶಾಯಿ ಸಿಡಿಯುವ ಭಯ ಇಲ್ಲ, ಮುಂದಿನವನ ಬೆನ್ನೂ ಬೇಕಿಲ್ಲ.

ಹಂತ 6: ಆ ದಿನ

ಒಳಗೆ ಹೋದ ತಕ್ಷಣ ಪಾಠ ಶುರು ಮಾಡಬೇಡಿ. ಹೊಸ ಜಾಗಕ್ಕೆ ಬಂದ ಮಕ್ಕಳಿಗೆ ಎಲ್ಲ ಕಡೆ ಓಡಾಡಬೇಕು ಅನಿಸುತ್ತದೆ. ಹದಿನೈದು ನಿಮಿಷ ಬಿಡಿ. "ಓಡಬೇಡಿ, ಮುಟ್ಟಬೇಡಿ, ನಿಮಗೆ ತುಂಬಾ ವಿಚಿತ್ರ ಅನಿಸಿದ ಒಂದು ವಸ್ತು ಹುಡುಕಿಕೊಂಡು ಬನ್ನಿ" ಅಂತ ಹೇಳಿ. ಆ ಹದಿನೈದು ನಿಮಿಷ ಕೊಟ್ಟರೆ ಆಮೇಲಿನ ಒಂದು ಗಂಟೆ ಅವರ ಮನಸ್ಸು ನಿಮ್ಮ ಕಡೆ ಇರುತ್ತದೆ.

ಆಮೇಲೆ ಗುಂಪು ಮಾಡಿ. ಹತ್ತರಿಂದ ಹನ್ನೆರಡು ಮಕ್ಕಳಿಗೆ ಒಬ್ಬರು ದೊಡ್ಡವರು. ಮೂರು ವಸ್ತುವಿಗೆ ಮೂರು ಗುಂಪು, ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ಜೊತೆಗೆ ಬಂದ ಪೋಷಕರಿಗೂ ಒಂದು ಚೀಟಿ ಕೊಡಿ. ಅದರಲ್ಲಿ ಉತ್ತರ ಇರಬಾರದು, ಕೇಳಬೇಕಾದ ಪ್ರಶ್ನೆಗಳಿರಲಿ. ಉತ್ತರ ಕೊಟ್ಟರೆ ಅವರೂ ಮೇಷ್ಟ್ರಾಗಿಬಿಡುತ್ತಾರೆ!

ಈಗ ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಶುರುವಾಗಿದ್ದು 1865ರಲ್ಲಿ. ಅಲ್ಲಿರುವ ಕಲ್ಲುಗಳಲ್ಲಿ ಎಂಟನೇ ತರಗತಿಗೆ ಆತಕೂರು ಶಾಸನಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು. ಕಾಲ ಕ್ರಿ.ಶ. 949-50.

ಮೊದಲ ಐದು ನಿಮಿಷ ಯಾರೂ ಫಲಕ ಓದಬಾರದು. ಕೆತ್ತನೆ ಮಾತ್ರ ನೋಡಬೇಕು. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಏನು ಕಾಣ್ತಿದೆ?"
"ಎರಡು ಪ್ರಾಣಿ ಸಾರ್. ಜಗಳ ಆಡ್ತಿವೆ."
"ಯಾವ ಪ್ರಾಣಿ?"
"ಒಂದು ಹಂದಿ. ಇನ್ನೊಂದು ಹುಲಿ."
"ಹುಲಿ ಅಂತ ಹೇಗೆ ಗೊತ್ತಾಯ್ತು?"
"ಅಲ್ಲ ಸಾರ್, ನಾಯಿ ಅನ್ಸುತ್ತೆ. ನಮ್ಮನೆ ನಾಯಿ ಹೀಗೇ ಎಗರುತ್ತೆ."

ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಹಾಕಿ. ಇಷ್ಟು ದೊಡ್ಡ ಕಲ್ಲು, ಇಷ್ಟು ಸಾಲು ಬರಹ, ಒಂದು ನಾಯಿಗಾ? ಮಕ್ಕಳು ಊಹಿಸಲಿ. ಯಾವ ಊಹೆಯನ್ನೂ ತಳ್ಳಿಹಾಕಬೇಡಿ. ಆಮೇಲೆ ಕಥೆ ಹೇಳಿ.

ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರ ಮೇಲೆ ಯುದ್ಧಕ್ಕೆ ಹೋದ. ಜೊತೆಗೆ ಗಂಗರ ಇಮ್ಮಡಿ ಬೂತುಗ. ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ ಯುದ್ಧ. ಚೋಳರ ರಾಜಾದಿತ್ಯ ಅಲ್ಲಿ ಸತ್ತ. ಬೂತುಗನ ಕಡೆ ಮಣಲೇರ ಅನ್ನೋ ವೀರನಿದ್ದ. ಅವನ ಶೌರ್ಯ ನೋಡಿ ಒಡೆಯ ಮೆಚ್ಚಿ "ಬೇಡಿಕೋ" ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನು. ಆ ಕಾಳಿಯನ್ನು ಬೆಳತೂರಿನ ದಿಬ್ಬದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಆ ಭೂಮಿ ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರಲಿ ಅಂತ ಶಾಪವನ್ನೂ ಕೆತ್ತಿಸಿದ್ದಾರೆ.

ಈ ಒಂದು ಕಲ್ಲಿನಿಂದ ಎಷ್ಟು ಪಾಠ ಹೊರಡುತ್ತದೆ ನೋಡಿ. ಪುಸ್ತಕದಲ್ಲಿ "ತಕ್ಕೋಲಂ ಕದನ" ಅಂತ ಒಂದೇ ಸಾಲು. ಇಲ್ಲಿ ಆ ಕಾಲದವರೇ ಕೆತ್ತಿಸಿದ ಸಾಕ್ಷಿ. ಆದರೆ ಇದು ಗೆದ್ದವರ ಕಡೆಯ ಕಲ್ಲು. ಸೋತವರು ಬರೆಸಿದ್ದರೆ ಹೇಗೆ ಬರೆಸುತ್ತಿದ್ದರು? ಎಂಟನೇ ತರಗತಿಯ ಮಕ್ಕಳು ಇದಕ್ಕೆ ಬಹಳ ಚೆನ್ನಾಗಿ ಉತ್ತರಿಸುತ್ತಾರೆ. ಬಹುಮಾನವಾಗಿ ನಾಯಿಯನ್ನು ಯಾಕೆ ಕೇಳಿದ? ಆ ಕಾಲದಲ್ಲಿ ಬೇಟೆಗೆ ಎಷ್ಟು ಬೆಲೆ? ಭೂಮಿಯನ್ನು ಖಂಡುಗದಲ್ಲಿ ಹೇಳುವುದು ಯಾಕೆ? ಇಂತಿಷ್ಟು ಬೀಜ ಬಿತ್ತುವಷ್ಟು ನೆಲ ಅನ್ನುವ ಲೆಕ್ಕ ಅದು. ಹಿಂದಿನ ವಾರ ನೋಡಿದ ಸೇರಿನ ಮಾತು ಇಲ್ಲಿ ತಾನಾಗೇ ಬರುತ್ತದೆ.

ಕನ್ನಡ ಮೇಡಂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕಲ್ಲಿನಲ್ಲಿ ಹಂದಿ 'ಪಂದಿ' ಆಗಿದೆ. ಪಾಲು ಹಾಲಾಯಿತು, ಪೂ ಹೂವಾಯಿತು ಅಂತ ವ್ಯಾಕರಣದಲ್ಲಿ ಹೇಳಿದ್ದು ಇಲ್ಲಿ ಕಲ್ಲಿನ ಮೇಲೇ ಇದೆ.

ಪಕ್ಕದಲ್ಲಿ ಬೇರೆ ವೀರಗಲ್ಲುಗಳಿದ್ದರೆ ಹೋಲಿಸಿ. ಸಾಮಾನ್ಯ ವೀರಗಲ್ಲಿನಲ್ಲಿ ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಅಂತ ಗೊತ್ತಾದ ಮಗು ಮುಂದೆ ಯಾವ ಊರಿನ ವೀರಗಲ್ಲನ್ನಾದರೂ ಓದುತ್ತದೆ.

ಮ್ಯೂಸಿಯಂ ಸಿಬ್ಬಂದಿ ವಿವರಿಸಲು ಬಂದರೆ ಖುಷಿಯಿಂದ ಒಪ್ಪಿಕೊಳ್ಳಿ, ಆದರೆ ಮೊದಲೇ ಒಂದು ವಿನಂತಿ ಮಾಡಿ: "ಸಾರ್, ಮಕ್ಕಳು ಮೊದಲು ನೋಡಲಿ, ಆಮೇಲೆ ನೀವು ಹೇಳಿ." ಅವರಿಗೂ ಇದು ಹಿಡಿಸುತ್ತದೆ. ದೃಷ್ಟಿ ಇಲ್ಲದ ಮಗು ಇದ್ದರೆ ಮುಂಚೆಯೇ ಅಧಿಕಾರಿಗಳನ್ನು ಕೇಳಿ, ಮುಟ್ಟಿ ನೋಡಲು ಬಿಡಬಹುದಾದ ಪ್ರತಿಕೃತಿ ಅಥವಾ ಕಲ್ಲು ಯಾವುದಾದರೂ ಇದೆಯೇ ಅಂತ.

ಹಂತ 7: ವಿಜ್ಞಾನದ ಮ್ಯೂಸಿಯಂ ಬೇರೆ ಥರ

ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ತೊಂದರೆ ಉಲ್ಟಾ. ಅಲ್ಲಿ ಒತ್ತಲು ಗುಂಡಿಗಳಿವೆ, ತಿರುಗಿಸಲು ಹಿಡಿಕೆಗಳಿವೆ. ಮಕ್ಕಳು ಗುಂಡಿ ಒತ್ತಿ, ಏನಾಯಿತು ಅಂತ ನೋಡುವ ಮೊದಲೇ ಮುಂದಿನದಕ್ಕೆ ಓಡುತ್ತಾರೆ. ಇಲ್ಲಿ ಒಂದೇ ನಿಯಮ: ಒತ್ತುವ ಮೊದಲು ಏನಾಗಬಹುದು ಅಂತ ಪಕ್ಕದವರಿಗೆ ಹೇಳಬೇಕು.

ಅಲ್ಲಿ ರೈಟ್ ಸಹೋದರರ ವಿಮಾನದ ನಿಜ ಅಳತೆಯ ಪ್ರತಿಕೃತಿ ಇದೆ. ಒಂಬತ್ತನೇ ತರಗತಿಯ ಚಲನೆಯ ಪಾಠಕ್ಕೆ ಇದಕ್ಕಿಂತ ಚೆನ್ನಾದ ವಸ್ತು ಬೇಕಿಲ್ಲ. ಆದರೆ ಕೆಲಸ ಶಾಲೆಯ ಮೈದಾನದಲ್ಲೇ ಶುರುವಾಗಬೇಕು.

ಹೋಗುವ ಮೊದಲು ಮೈದಾನದಲ್ಲಿ ಸುಣ್ಣದಿಂದ 36.5 ಮೀಟರ್ ಉದ್ದದ ಗೆರೆ ಎಳೆಯಿರಿ. 1903ರ ಡಿಸೆಂಬರ್ 17ರಂದು ಆರ್ವಿಲ್ ರೈಟ್ ಮೊದಲ ಸಲ ಹಾರಿದ ದೂರ ಅದು, 120 ಅಡಿ. ತೆಗೆದುಕೊಂಡ ಸಮಯ 12 ಸೆಕೆಂಡು. ಈಗ ಮಕ್ಕಳನ್ನು ಓಡಿಸಿ, ಸಮಯ ನೋಡಿ. ತರಗತಿಯ ಮುಕ್ಕಾಲು ಪಾಲು ಮಕ್ಕಳು ಆ ವಿಮಾನಕ್ಕಿಂತ ಬೇಗ ಗೆರೆ ದಾಟುತ್ತಾರೆ! ಲೆಕ್ಕ ಹಾಕಿಸಿ: ಸೆಕೆಂಡಿಗೆ ಸುಮಾರು 3 ಮೀಟರ್, ಗಂಟೆಗೆ 11 ಕಿಲೋಮೀಟರ್. ಇಷ್ಟು ನಿಧಾನಕ್ಕೆ ಹೋದರೆ ವಿಮಾನ ಮೇಲೆ ನಿಲ್ಲುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳಬೇಡಿ. ಅದನ್ನು ಹೊತ್ತುಕೊಂಡೇ ಬಸ್ ಹತ್ತಲಿ.

ರೆಕ್ಕೆಯ ಅಳತೆಯನ್ನೂ ಗುರುತು ಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ 12.3 ಮೀಟರ್. ಬಹುಪಾಲು ತರಗತಿ ಕೋಣೆಗಳಿಗಿಂತ ಉದ್ದ. ಆಮೇಲೆ ಪ್ರತಿಕೃತಿಯ ಮುಂದೆ ನಿಂತಾಗ ಹಾಳೆಯಲ್ಲಿ ಮೂರು ಪ್ರಶ್ನೆ ಸಾಕು. ಓಡಿಸುವವನು ಎಲ್ಲಿ ಇರುತ್ತಿದ್ದ, ಯಾವ ಭಂಗಿಯಲ್ಲಿ? ರೆಕ್ಕೆ ಎರಡು ಪದರ ಯಾಕೆ? ಎಂಜಿನ್‌ನಿಂದ ಹಿಂದಿನ ಪ್ರೊಪೆಲ್ಲರ್‌ಗಳಿಗೆ ಶಕ್ತಿ ಹೋಗುವುದು ಹೇಗೆ? ಮೊದಲನೆಯದಕ್ಕೆ ಉತ್ತರ, ಹೊಟ್ಟೆಯ ಮೇಲೆ ಮಲಗಿಕೊಂಡು. ಮೂರನೆಯದಕ್ಕೆ, ಸೈಕಲ್ ಥರದ ಚೈನು. ಅಣ್ಣತಮ್ಮಂದಿರು ಸೈಕಲ್ ಅಂಗಡಿ ಇಟ್ಟಿದ್ದವರು ಅನ್ನೋದು ಆಗ ಹೇಳಿ.

ವಾಪಸ್ ಬಂದ ಮೇಲೆ ಬಾಕಿ ಪ್ರಶ್ನೆ ಎತ್ತಿಕೊಳ್ಳಿ. ಆ ದಿನ ಎದುರುಗಾಳಿ ಜೋರಾಗಿತ್ತು, ಗಂಟೆಗೆ 30ರಿಂದ 40 ಕಿಲೋಮೀಟರ್. ನೆಲಕ್ಕೆ ಹೋಲಿಸಿದರೆ ವಿಮಾನ ನಿಧಾನ, ಗಾಳಿಗೆ ಹೋಲಿಸಿದರೆ ಸಾಕಷ್ಟು ವೇಗ. ಸಾಪೇಕ್ಷ ವೇಗ ಅನ್ನುವುದು ಇಷ್ಟೇ. ಅದೇ ದಿನ ನಾಲ್ಕನೇ ಸಲ ವಿಲ್ಬರ್ 59 ಸೆಕೆಂಡಿನಲ್ಲಿ 852 ಅಡಿ ಹಾರಿದ. ಆ ವೇಗವನ್ನು ಮನೆಗೆಲಸಕ್ಕೆ ಕೊಡಿ.

ಹಂಪಿಗೆ ಹೋಗುವವರಿಗೆ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಕಮಲಾಪುರದ ಮ್ಯೂಸಿಯಂನಲ್ಲಿ ಇಡೀ ಹಂಪಿಯ ದೊಡ್ಡ ಮಾದರಿ ಇದೆ, ಬೆಟ್ಟಗುಡ್ಡ, ಹೊಳೆ ಸಮೇತ. ಹೆಚ್ಚಿನವರು ಸುಸ್ತಾದ ಮೇಲೆ ಸಂಜೆ ಅಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಿ. ಶತ್ರು ಯಾವ ಕಡೆಯಿಂದ ಬರಬಹುದು, ರಾಜಧಾನಿಗೆ ಈ ಜಾಗವೇ ಯಾಕೆ ಅಂತ ಮಾದರಿಯ ಸುತ್ತ ನಿಂತು ಮಾತಾಡಿ, ಆಮೇಲೆ ಬಿಸಿಲಿಗೆ ಇಳಿಯಿರಿ. ಇಡೀ ದಿನದ ಓಡಾಟಕ್ಕೆ ಒಂದು ನಕ್ಷೆ ಮಕ್ಕಳ ತಲೆಯಲ್ಲಿರುತ್ತದೆ.

ಹಂತ 8: ವಾಪಸ್ ಬಂದ ಮೇಲೆ

ಎರಡು ದಿನದೊಳಗೆ ಇದಕ್ಕೆ ಒಂದು ಪೀರಿಯಡ್ ಇಡಿ. ವಾರ ಕಳೆದರೆ ಬಸ್ಸಿನಲ್ಲಿ ಹಾಡಿದ್ದು ಮಾತ್ರ ನೆನಪಿರುತ್ತದೆ.

"ಪ್ರವಾಸದ ಬಗ್ಗೆ ಪ್ರಬಂಧ ಬರೆಯಿರಿ" ಅನ್ನಬೇಡಿ. ಎಲ್ಲರೂ "ಬೆಳಿಗ್ಗೆ ಐದು ಗಂಟೆಗೆ ಎದ್ದು ಸ್ನಾನ ಮಾಡಿ" ಅಂತಲೇ ಶುರು ಮಾಡುತ್ತಾರೆ. ಅದರ ಬದಲು ಹಾಳೆಯ ಕೆಳಗಿನ ಖಾಲಿ ಸಾಲಿನಿಂದ ಹೊರಡಿ. "ಅರ್ಥವಾಗದೆ ಉಳಿದದ್ದು" ಎಲ್ಲವನ್ನೂ ಬೋರ್ಡ್ ಮೇಲೆ ಬರೆಯಿರಿ. ಪುಸ್ತಕದಲ್ಲಿ ಉತ್ತರ ಸಿಗುವವು ಒಂದು ಕಡೆ, ಸಿಗದವು ಇನ್ನೊಂದು ಕಡೆ. ಸಿಗದ ಎರಡನ್ನು ಆರಿಸಿ ಮ್ಯೂಸಿಯಂಗೆ ಪತ್ರ ಬರೆಸಿ. ಪತ್ರಲೇಖನದ ಪಾಠವೂ ಆಯಿತು.

ನನಗೆ ತುಂಬಾ ಹಿಡಿಸಿದ ಚಟುವಟಿಕೆ ಫಲಕ ಬರೆಯುವುದು. ನೋಡಿದ ಒಂದು ವಸ್ತುವಿಗೆ ಐದನೇ ತರಗತಿಯವರಿಗೆ ಅರ್ಥವಾಗುವ ಹಾಗೆ ನಲವತ್ತು ಪದದೊಳಗೆ ಫಲಕ ಬರೆಯಬೇಕು. ಆಮೇಲೆ ನಿಜವಾಗಿ ಐದನೇ ತರಗತಿಯ ಮಕ್ಕಳ ಹತ್ತಿರ ಓದಿಸಬೇಕು. ಯಾವ ಪದ ಅರ್ಥವಾಗಲಿಲ್ಲ ಅಂತ ಅವರು ಮುಖದ ಮೇಲೇ ಹೇಳುತ್ತಾರೆ. ಕಡಿಮೆ ಪದದಲ್ಲಿ ಬರೆಯಬೇಕಾದಾಗಲೇ ತನಗೆ ಎಷ್ಟು ಗೊತ್ತು ಅನ್ನೋದು ಮಗುವಿಗೂ ತಿಳಿಯುತ್ತದೆ.

ಇದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ದಾಖಲಿಸಿ, ಅಂಕ ಕೊಡಿ. ನೋಡುವಾಗ ಬರೆದ ಚಿತ್ರಕ್ಕೆ, ಸಾಕ್ಷಿ ಹೇಳಿ ಊಹೆ ಮಾಡಿದ್ದಕ್ಕೆ, ಕೇಳಿದ ಪ್ರಶ್ನೆಗೆ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಮುಖ್ಯವಲ್ಲ, ಗಮನ ಕಾಣಬೇಕು. ಪರೀಕ್ಷೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಕೆಲವು ಮಕ್ಕಳು ಇಲ್ಲಿ ಮೊದಲು ಬರುತ್ತಾರೆ. ಹೆಡ್‌ಮಾಸ್ಟರ್‌ಗೂ ಪೋಷಕರಿಗೂ ತೋರಿಸಲು ಈ ಹಾಳೆಗಳೇ ಸಾಕು, ಮುಂದಿನ ವರ್ಷದ ಅನುಮತಿ ಸುಲಭವಾಗುತ್ತದೆ.

ಮ್ಯೂಸಿಯಂ ದೂರ ಇದ್ದರೆ

ಬಸ್ಸಿಗೆ ದುಡ್ಡಿಲ್ಲ, ಹತ್ತಿರದಲ್ಲಿ ಮ್ಯೂಸಿಯಂ ಇಲ್ಲ. ಬಹಳ ಶಾಲೆಗಳ ಕಥೆ ಇದೇ. ಮೂರು ದಾರಿ ಇವೆ.

ವಿಶ್ವೇಶ್ವರಯ್ಯ ಮ್ಯೂಸಿಯಂನ ಸಂಚಾರಿ ವಿಜ್ಞಾನ ಪ್ರದರ್ಶನದ ಬಸ್ಸುಗಳು ಹಳ್ಳಿ ಕಡೆಯ ಶಾಲೆಗಳಿಗೆ ಬರುತ್ತವೆ. ಅವರಿಗೆ ಪತ್ರ ಬರೆದು ನಿಮ್ಮ ಕಡೆಗೆ ಯಾವಾಗ ಬರಬಹುದು ಅಂತ ಕೇಳಿ. ಸುತ್ತಲಿನ ನಾಲ್ಕು ಶಾಲೆಗಳು ಸೇರಿ ಕೇಳಿದರೆ ಇನ್ನೂ ಒಳ್ಳೆಯದು.

ಎರಡನೆಯದು, ಶಾಲೆಯಲ್ಲೇ ಒಂದು ವಾರದ ಮ್ಯೂಸಿಯಂ. ಪಾವು, ಸೇರು, ಕೊಳಗ, ಲಾಟೀನು, ಇದ್ದಿಲ ಇಸ್ತ್ರಿಪೆಟ್ಟಿಗೆ, ಚನ್ನೆಮಣೆ, ಮಡಕೆ, ಹಳೆಯ ಕಾಗದಪತ್ರ. ತಂದ ಮಗು ಮನೆಯಲ್ಲಿ ಅಜ್ಜಿಯನ್ನೋ ತಾತನನ್ನೋ ಕೇಳಿ ಮೂರು ವಿಷಯ ಬರೆದುಕೊಂಡು ಬರಬೇಕು: ಯಾರದ್ದು, ಯಾವಾಗ ಬಳಸುತ್ತಿದ್ದರು, ಯಾಕೆ ನಿಲ್ಲಿಸಿದರು. ಗಣಿತದವರು ಸೇರಿಗೆ ನೀರು ತುಂಬಿ ಮಿಲಿಲೀಟರ್‌ನಲ್ಲಿ ಅಳೆಸಲಿ. ನಾಲ್ಕು ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಎಷ್ಟು ಸೇರು ಅನ್ನೋದು ಮಾತ್ರ ಊರಿಂದ ಊರಿಗೆ ಬೇರೆ, ಮಕ್ಕಳೇ ವಿಚಾರಿಸಿಕೊಂಡು ಬರಲಿ. ವಸ್ತು ಕಳೆದರೆ ಮನೆಯವರಿಗೆ ನೀವೇ ಉತ್ತರ ಹೇಳಬೇಕು, ಆದ್ದರಿಂದ ರಿಜಿಸ್ಟರ್ ಇಟ್ಟು ಸಹಿ ಹಾಕಿಸಿ. ಬೆಳ್ಳಿ ಬಂಗಾರ ಬೇಡವೇ ಬೇಡ.

ಮೂರನೆಯದು ನನಗೆ ಹೆಚ್ಚು ಇಷ್ಟ. ನಿಮ್ಮ ಊರಿನ ಕೆರೆ ಏರಿ ಮೇಲೋ, ಗುಡಿಯ ಹಿಂದೆಯೋ ವೀರಗಲ್ಲು ಇದ್ದೇ ಇರುತ್ತದೆ. ಮಕ್ಕಳನ್ನು ಬೆಳಿಗ್ಗೆ ಎಳೆ ಬಿಸಿಲಿನಲ್ಲಿ ಅಥವಾ ಸಂಜೆ ಕರೆದುಕೊಂಡು ಹೋಗಿ. ಮಧ್ಯಾಹ್ನ ನೆತ್ತಿಯ ಮೇಲಿನ ಬಿಸಿಲಿಗೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಕು ಅಡ್ಡ ಬಿದ್ದಾಗ ಅಕ್ಷರಗಳ ನೆರಳು ಎದ್ದು ಕಾಣುತ್ತದೆ. ಕಲ್ಲು ನೆರಳಿನಲ್ಲಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸುಣ್ಣ, ಸೀಮೆಸುಣ್ಣ, ಅರಿಶಿನ ಯಾವುದನ್ನೂ ಉಜ್ಜಬೇಡಿ, ಚೂಪಾದ ವಸ್ತುವಿನಿಂದ ಪಾಚಿ ಕೆರೆಯಬೇಡಿ. ಎತ್ತರ, ಅಗಲ ಅಳೆದು, ನೇರವಾಗಿ ಒಂದು, ಎರಡೂ ಪಕ್ಕದಿಂದ ಒಂದೊಂದು ಫೋಟೊ ತೆಗೆಯಿರಿ. ಜನ ಪೂಜೆ ಮಾಡುವ ಕಲ್ಲಾದರೆ ಊರ ಹಿರಿಯರನ್ನು ಕೇಳಿಯೇ ಹತ್ತಿರ ಹೋಗಿ.

ಅಕ್ಷರ ಇದ್ದರೆ ಅದನ್ನು ಯಾರಾದರೂ ಓದಿದ್ದಾರಾ ಅಂತ ಹುಡುಕುವುದು ಮಕ್ಕಳ ಕೆಲಸ. ಬಿ.ಎಲ್. ರೈಸ್ ಶುರು ಮಾಡಿದ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ನಂಬರ್ ಹಾಕಿ ಕೊಟ್ಟಿದ್ದಾರೆ. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ, ಹಳೆಯವು ಇಂಟರ್ನೆಟ್ಟಿನಲ್ಲೂ ಇವೆ. ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರಿನ ಹೆಸರು ಹುಡುಕಿಸಿ. ಹಳೆಯ ಹೆಸರು ಸ್ವಲ್ಪ ಬೇರೆ ಇರಬಹುದು. ಸಿಕ್ಕರೆ ಆ ನಂಬರನ್ನೂ ಪಾಠವನ್ನೂ ಶಾಲೆಯ ಗೋಡೆಯ ಮೇಲೆ ಬರೆಸಿ. ಸಿಗದಿದ್ದರೆ ಫೋಟೊ, ಅಳತೆ, ಜಾಗದ ವಿವರ ಸೇರಿಸಿ ಪುರಾತತ್ವ ಇಲಾಖೆಗೂ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೂ ಮಕ್ಕಳ ಕೈಯಿಂದಲೇ ಪತ್ರ ಬರೆಸಿ.